ಜುಗಾಡಿಗೂ ಒಂದು ಲೆಕ್ಕ ಬೇಕು



ರಜೆಗೆ ಊರಿಗೆ ಹೋಗುವಾಗ ನಿಮ್ಮಲ್ಲಿ ಬಹಳ ಜನ ಚೋರ್ಲಾ ಘಾಟನ್ನೋ ಅನಮೋಡ ಘಾಟನ್ನೋ ಹತ್ತಿಯೇ ಹೋಗ್ತೀರಿ. ಪಣಜಿ ಇರುವುದು ಸಮುದ್ರದ ಮಟ್ಟದಲ್ಲಿ. ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ಸರಕು ತುಂಬಿದ ಟ್ರಕ್ಕು ಈ ಎತ್ತರದ ಬಹುಪಾಲನ್ನು ಘಾಟಿನ ತಿರುವುಗಳಲ್ಲೇ ಹತ್ತಿ ಮುಗಿಸಬೇಕು. ಮುಂದಿನ ಸಲ ಹೋಗುವಾಗ ಹಳೆಯ ಟ್ರಕ್ಕುಗಳನ್ನು ಸ್ವಲ್ಪ ಗಮನಿಸಿ. ಕೆಲವು ಹೊಗೆಯೇ ಇಲ್ಲದೆ, ಆದರೆ ನಡೆದು ಹೋಗುವವನ ವೇಗದಲ್ಲಿ ಏದುಸಿರು ಬಿಡುತ್ತ ಹತ್ತುತ್ತವೆ. ಇನ್ನು ಕೆಲವು ಜೋರಾಗಿಯೇ ಹತ್ತುತ್ತವೆ, ಆದರೆ ಪ್ರತಿ ತಿರುವಿನಲ್ಲೂ ಗೇರು ಬದಲಿಸಿದಾಗ ಒಂದು ಕಪ್ಪು ಮೋಡ ಬಿಟ್ಟು ಹೋಗುತ್ತವೆ.

ಇವೆರಡೂ ಬೇರೆ ಬೇರೆ ಕಾಯಿಲೆ ಅಂತ ಅನಿಸುತ್ತದೆ. ಕಾರಣಗಳೂ ಹಲವು ಇರಬಹುದು. ಆದರೆ ಎಷ್ಟೋ ಸಲ ಎರಡಕ್ಕೂ ಮೂಲ ಒಂದೇ: ಪೆನ್ಸಿಲ್ಲಿಗಿಂತ ದಪ್ಪವಿಲ್ಲದ ಒಂದು ಪೈಪು ಒಡೆದದ್ದು. ಮೊದಲನೆಯ ಟ್ರಕ್ಕಿನಲ್ಲಿ ಪೈಪು ಒಡೆದಿದೆ, ಯಾರೂ ನೋಡಿಲ್ಲ. ಎರಡನೆಯದರಲ್ಲಿ ಪೈಪು ಒಡೆದಿದೆ, ಯಾರೋ "ರಿಪೇರಿ" ಮಾಡಿದ್ದಾರೆ. ನಾನು ಈ ಲೇಖನ ಬರೆಯುತ್ತಿರುವುದು ಆ ಎರಡನೆಯ ಥರದ ರಿಪೇರಿಯ ವಿರುದ್ಧ. ಆದರೆ ಜುಗಾಡಿನ ವಿರುದ್ಧ ಅಲ್ಲ. ಜುಗಾಡ್ ಮಾಡಿ, ಅದು ಒಳ್ಳೆಯ ವಿದ್ಯೆ. ಆದರೆ ಮೂಲ ಭಾಗ ಏನು ಕೆಲಸ ಮಾಡುತ್ತಿತ್ತು ಅಂತ ಗೊತ್ತಿಲ್ಲದೆ ಮಾಡಿದ ಜುಗಾಡ್ ರಿಪೇರಿ ಅಲ್ಲ, ಕಾಯಿಲೆಯನ್ನು ಇನ್ನೊಬ್ಬರ ಮೇಲೆ ಹಾಕುವುದು. ಇದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ, ನೀವೇ ತೂಗಿ ನೋಡಿ.

ಪೈಪಿನ ಕೆಲಸ ಏನು?

ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.5 ಕಿಲೋ ಗಾಳಿ ಬೇಕು. ಒಂದು ಘನ ಮೀಟರ್ ಗಾಳಿ ತೂಗುವುದು ಸುಮಾರು 1.2 ಕಿಲೋ. ಭಾಗಿಸಿ ನೋಡಿ: 12 ಘನ ಮೀಟರ್. ಅಂದರೆ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ಕೋಣೆ ತುಂಬ ಗಾಳಿ, ಕೇವಲ ಒಂದು ಕಿಲೋ ಡೀಸೆಲ್ಲಿಗೆ! ಇದು ಪುಸ್ತಕದ ಲೆಕ್ಕ. ನಿಜವಾದ ಎಂಜಿನ್ನಿನಲ್ಲಿ ಡೀಸೆಲ್ ಹನಿಗಳು ಗಾಳಿಯ ಜೊತೆ ಪೂರ್ತಿ ಬೆರೆಯಲು ಸಮಯ ಸಿಗುವುದಿಲ್ಲ. ಹಾಗಾಗಿ ಇನ್ನೂ ಹೆಚ್ಚು ಗಾಳಿ ಕೊಡಬೇಕಾಗುತ್ತದೆ. ಗಾಳಿ ಕಡಿಮೆಯಾಯಿತೋ, ಡೀಸೆಲ್ಲಿನಲ್ಲಿರುವ ಇಂಗಾಲ ಅರ್ಧಂಬರ್ಧ ಉರಿದು ಮಸಿಯಾಗಿ ಹೊರಗೆ ಬರುತ್ತದೆ. ನೀವು ಕಾಣುವ ಕಪ್ಪು ಹೊಗೆ ಅದೇ.

ಹೆಚ್ಚು ಶಕ್ತಿ ಬೇಕು ಅಂದರೆ ಹೆಚ್ಚು ಡೀಸೆಲ್ ಉರಿಸಬೇಕು. ಹೆಚ್ಚು ಡೀಸೆಲ್ ಉರಿಸಲು ಹೆಚ್ಚು ಗಾಳಿ ಬೇಕು. ಟರ್ಬೊ ಮಾಡುವುದು ಈ ಕೆಲಸವನ್ನೇ. ಎಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಈ ಯೋಚನೆಗೆ 1905ರಲ್ಲೇ ಪೇಟೆಂಟ್ ಪಡೆದರು. ಹೊರಗೆ ಬಿಸಾಡುವ ಹೊಗೆಯಿಂದಲೇ ಕೆಲಸ ತೆಗೆಯುವ ಬುದ್ಧಿ ಅದು.

ಆದರೆ ಟರ್ಬೊಗೆ ಒಂದು ಸ್ವಭಾವ ಇದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಹೊಗೆ ಕಡಿಮೆ, ಆದ್ದರಿಂದ ಟರ್ಬೊ ಒತ್ತುವ ಗಾಳಿಯೂ ಕಡಿಮೆ. ಡ್ರೈವರು ಆಕ್ಸಿಲರೇಟರ್ ಒತ್ತಿದ ಕೂಡಲೇ ಹೆಚ್ಚು ಗಾಳಿ ಬರುವುದಿಲ್ಲ, ಸ್ವಲ್ಪ ಹೊತ್ತು ಬೇಕು. ಆ ಸ್ವಲ್ಪ ಹೊತ್ತಿನಲ್ಲಿ ಡೀಸೆಲ್ ಪಂಪು ಪೂರ್ತಿ ಡೀಸೆಲ್ ಸುರಿದುಬಿಟ್ಟರೆ? ಗಾಳಿ ಇಲ್ಲ, ಡೀಸೆಲ್ ಇದೆ, ಬರೀ ಮಸಿ.

ಹಾಗಾಗಿ ಪಂಪಿಗೆ ಒಂದು ಸುದ್ದಿ ಮುಟ್ಟಬೇಕು: "ಈಗ ಗಾಳಿ ಇಷ್ಟು ಬಂದಿದೆ, ಇಷ್ಟು ಡೀಸೆಲ್ ಕೊಡು." ಕಂಪ್ಯೂಟರ್ ಇಲ್ಲದ ಅನೇಕ ಹಳೆಯ ಟರ್ಬೊ ಎಂಜಿನ್ನುಗಳಲ್ಲಿ ಆ ಸುದ್ದಿ ಒಯ್ಯುವುದು ಒಂದು ತೆಳು ಪೈಪು. ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನಿಂದ ಹೊರಟು ಪಂಪಿನ ಮೇಲಿರುವ ಒಂದು ಚಪ್ಪಟೆ ಡಬ್ಬಿಗೆ ಅದು ಸೇರುತ್ತದೆ. ಡಬ್ಬಿಯೊಳಗೆ ರಬ್ಬರಿನ ಒಂದು ಪರದೆ ಇದೆ, ಅದಕ್ಕೆ ಡಯಾಫ್ರಾಮ್ ಅಂತಾರೆ. ಪರದೆಯ ಒಂದು ಕಡೆ ಪೈಪಿನಿಂದ ಬಂದ ಗಾಳಿ ಒತ್ತುತ್ತದೆ, ಇನ್ನೊಂದು ಕಡೆ ಸ್ಪ್ರಿಂಗು ತಡೆಯುತ್ತದೆ. ಗಾಳಿ ಗೆದ್ದಷ್ಟು ಒಂದು ಪಿನ್ನು ಸರಿಯುತ್ತದೆ, ಪಿನ್ನು ಸರಿದಷ್ಟು ಡೀಸೆಲ್ ಹೆಚ್ಚುತ್ತದೆ.

ನಮ್ಮ ಗ್ಯಾರೇಜುಗಳಲ್ಲಿ ಇಂಥ ಪಂಪಿಗೆ ಇವತ್ತಿಗೂ "ಮೈಕೋ ಪಂಪು" ಅಂತಾರೆ. ಮೈಕೋ ಅಂದರೆ 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ಕಾರ್ಖಾನೆ ಇತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಅಂತ ಬದಲಾಯಿತು, ಆದರೆ ಮಿಸ್ತ್ರಿಗಳ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು.

ಈಗ ಸ್ವಲ್ಪ ಲೆಕ್ಕ

ಎಂಟನೇ ತರಗತಿಯಲ್ಲಿ "ಬಲ ಮತ್ತು ಒತ್ತಡ" ಓದಿದ್ದೀರಿ. ಒತ್ತಡ ಗುಣಿಸು ವಿಸ್ತೀರ್ಣ, ಉತ್ತರ ಬಲ. ಪರೀಕ್ಷೆಗೆ ಬಾಯಿಪಾಠ ಮಾಡಿರ್ತೀರಿ. ಇಲ್ಲಿ ಹಚ್ಚಿ ನೋಡೋಣ.

ಟರ್ಬೊ ಕೊಡುವ ಹೆಚ್ಚಿನ ಒತ್ತಡ 0.7 ಬಾರ್ ಅಂತ ಇಟ್ಟುಕೊಳ್ಳಿ, ಅಂದರೆ 70,000 ಪ್ಯಾಸ್ಕಲ್. ಪರದೆಯ ವ್ಯಾಸ 5 ಸೆಂಟಿಮೀಟರ್ ಅಂತಿರಲಿ. ಅದರ ವಿಸ್ತೀರ್ಣ ಸುಮಾರು 0.00196 ಚದರ ಮೀಟರ್. ಗುಣಿಸಿದರೆ ಸುಮಾರು 137 ನ್ಯೂಟನ್. ಇದು 14 ಕಿಲೋ ತೂಕ ಇಟ್ಟಷ್ಟು ಬಲ. ನಿಮ್ಮ ಅಡುಗೆಮನೆಯ ತುಂಬಿದ ಸಿಲಿಂಡರಿನೊಳಗೆ ಇರುವ ಗ್ಯಾಸಿನ ತೂಕ 14.2 ಕಿಲೋ. ಹೆಚ್ಚುಕಡಿಮೆ ಅಷ್ಟು ಭಾರ, ಕಣ್ಣಿಗೆ ಕಾಣದ ಗಾಳಿಯಿಂದ!

ಇನ್ನೊಂದು ಲೆಕ್ಕ. ಪೈಪಿನ ಒಳವ್ಯಾಸ 4 ಮಿಲಿಮೀಟರ್, ಉದ್ದ 1 ಮೀಟರ್ ಅಂದರೆ ಒಳಗೆ ಹಿಡಿಯುವ ಗಾಳಿ ಎಷ್ಟು? ಸುಮಾರು 12.6 ಘನ ಸೆಂಟಿಮೀಟರ್. ಒಂದು ಸಣ್ಣ ಸಿರಿಂಜಿನಷ್ಟು. ಈ ಪೈಪಿನಲ್ಲಿ ಗಾಳಿ ಹರಿದು ಹೋಗುವುದಿಲ್ಲ, ಆ ತುದಿ ಮುಚ್ಚಿದೆ. ಇದು ನೀರು ಹರಿಯುವ ನಲ್ಲಿಯ ಪೈಪಿನ ಥರ ಅಲ್ಲ. ಒತ್ತಡವನ್ನು ಮುಟ್ಟಿಸುವುದಷ್ಟೇ ಇದರ ಕೆಲಸ. ಆದ್ದರಿಂದಲೇ ಇಷ್ಟು ತೆಳು ಪೈಪು ಸಾಕು. ಪೈಪಿನ ಬದಲಿಗೆ ಏನು ಹಾಕಬೇಕು ಅನ್ನುವಾಗ ಈ ಮಾತು ಮುಖ್ಯ. ನೆನಪಿಡಿ.

ಒಡೆದಾಗ ಏನಾಗುತ್ತದೆ?

ಪೈಪು ಬಿರುಕು ಬಿಟ್ಟರೆ ಪಂಪಿಗೆ ಸುದ್ದಿ ಮುಟ್ಟುವುದಿಲ್ಲ. ಟರ್ಬೊ ಗಾಳಿ ಒತ್ತುತ್ತಲೇ ಇರುತ್ತದೆ, ಅದರ ಶಿಳ್ಳೆ ಸದ್ದೂ ಸರಿಯಾಗಿಯೇ ಕೇಳುತ್ತದೆ. ಆದರೆ ಪಂಪು "ಗಾಳಿ ಬಂದಿಲ್ಲ" ಅಂತಲೇ ತಿಳಿದು ಕಡಿಮೆ ಡೀಸೆಲ್ ಕೊಡುತ್ತದೆ. ಸಪಾಟು ರಸ್ತೆಯಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ಘಾಟಿನಲ್ಲಿ ಗೊತ್ತಾಗುತ್ತದೆ. "ಗಾಡಿ ಎಳೀವಲ್ದು ಮಿಸ್ತ್ರಿ, ಪಿಕಪ್ಪೇ ಇಲ್ಲ" ಅಂತ ಡ್ರೈವರು ಹೇಳುವುದು ಆಗ.

ಇಲ್ಲಿ ಒಂದು ಚಂದದ ವಿಷಯ ಇದೆ. ಪೈಪು ಒಡೆದಾಗ ಸ್ಪ್ರಿಂಗು ಪಿನ್ನನ್ನು ಯಾವ ಕಡೆ ತಳ್ಳುತ್ತದೆ? ಕಡಿಮೆ ಡೀಸೆಲ್ಲಿನ ಕಡೆಗೆ. ಅಂದರೆ ಭಾಗ ಕೆಟ್ಟರೂ ಅಪಾಯ ಕಡಿಮೆ ಇರುವ ಕಡೆಗೇ ಕೆಡಲಿ ಅಂತ ಮೊದಲೇ ಯೋಚಿಸಿ ಮಾಡಿದ್ದಾರೆ. ಟ್ರಕ್ಕು ನಿಧಾನ ಆಗುತ್ತದೆ, ಆದರೆ ಹೊಗೆ ಉಗುಳುವುದಿಲ್ಲ, ಎಂಜಿನ್ ಅತಿಯಾಗಿ ಕಾಯುವುದಿಲ್ಲ. ಇದೇ ವಿಚಾರ ರೈಲಿನಲ್ಲೂ ಇದೆ. ಕ್ಯಾಸಲ್‌ರಾಕ್‌ನಿಂದ ಕುಲೆಮ್‌ಗೆ ಇಳಿಯುವ ದಾರಿಯಲ್ಲಿ ಪ್ರತಿ 37 ಮೀಟರಿಗೆ ಒಂದು ಮೀಟರ್ ಇಳಿಜಾರು. ಅಂಥ ಇಳಿಜಾರಿನಲ್ಲಿ ಬ್ರೇಕಿನ ಗಾಳಿ ಪೈಪು ತುಂಡಾದರೆ ಗತಿಯೇನು? ಏನೂ ಆಗುವುದಿಲ್ಲ, ಬ್ರೇಕು ತಾನಾಗಿಯೇ ಬೀಳುತ್ತದೆ, ರೈಲು ನಿಲ್ಲುತ್ತದೆ. ಪೈಪಿನಲ್ಲಿ ಗಾಳಿ ಇದ್ದರೆ ಬ್ರೇಕು ಬಿಡುತ್ತದೆ, ಇಲ್ಲದಿದ್ದರೆ ಹಿಡಿಯುತ್ತದೆ. ಹಾಗೆ ಜೋಡಿಸಿದ್ದಾರೆ.

ಈಗ ಆ ಕೆಟ್ಟ ರಿಪೇರಿಗೆ ಬರೋಣ. ಪಂಪಿನಲ್ಲಿ ಅತಿ ಹೆಚ್ಚು ಎಷ್ಟು ಡೀಸೆಲ್ ಕೊಡಬೇಕು ಅಂತ ನಿಗದಿ ಮಾಡುವ ಒಂದು ಸ್ಕ್ರೂ ಇರುತ್ತದೆ. ಕೆಲವರು ಪೈಪನ್ನು ನೋಡುವುದೇ ಇಲ್ಲ, ನೋಡಿದರೂ ಬಾಯಿ ಮುಚ್ಚಿ ಬಿಡುತ್ತಾರೆ, ಆ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುತ್ತಾರೆ. ಗಾಡಿ ಎಳೆಯುತ್ತದೆ! ಡ್ರೈವರಿಗೆ ಖುಷಿ, ಮಿಸ್ತ್ರಿಗೆ ದುಡ್ಡು. ಆದರೆ ಈಗ ಗಾಳಿ ಬಂದಿರಲಿ ಬಿಡಲಿ, ಪಂಪು ಡೀಸೆಲ್ ಸುರಿಯುತ್ತದೆ. ಕೆಟ್ಟರೂ ಅಪಾಯ ಆಗದಿರಲಿ ಅಂತ ಇಟ್ಟಿದ್ದ ಆ ಕಾವಲನ್ನೇ ಕಿತ್ತು ಹಾಕಿದ ಹಾಗಾಯಿತು. ಡೀಸೆಲ್ ವ್ಯರ್ಥ, ಎಂಜಿನ್ನಿಗೆ ಕಾವು, ರಸ್ತೆಗೆ ಮಸಿ.

ಆ ಮಸಿ ಎಲ್ಲಿಗೆ ಹೋಗುತ್ತದೆ? ಅನಮೋಡ ಘಾಟಿನ ರಸ್ತೆ ಮೊಲೆಮ್‌ನ ಕಾಡಿನ ನಡುವೆ ಹೋಗುತ್ತದೆ. ಊರೊಳಗೆ ಬಂದರೆ ರಸ್ತೆ ಬದಿಯ ಅಂಗಡಿ, ಮನೆ, ಬೈಕಿನಲ್ಲಿ ಹಿಂದೆ ಬರುವವರು, ಬಸ್ಸಿಗೆ ಕಾಯುತ್ತ ನಿಂತ ನೀವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನ್ ತಿಂಗಳಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ಹೆಚ್ಚು ಹೊಗೆ ಕುಡಿಯುವವರು ಯಾರು? ದಿನವಿಡೀ ಆ ಗಾಡಿಯ ಹತ್ತಿರವೇ ಇರುವ ಡ್ರೈವರು, ಕ್ಲೀನರು, ಗ್ಯಾರೇಜಿನ ಹುಡುಗ. ನಿಮ್ಮಲ್ಲಿ ಕೆಲವರಿಗೆ ಅವರು ಅಪ್ಪ, ಕಾಕಾ, ಅಣ್ಣ. ಅದಕ್ಕೇ ಹೇಳಿದ್ದು, ಕಾಯಿಲೆಯನ್ನು ಇನ್ನೊಬ್ಬರ ಮೇಲೆ ಹಾಕುವುದು ಅಂತ.

ಒಳ್ಳೆಯ ಜುಗಾಡ್ ಹೇಗಿರುತ್ತದೆ?

"ಕಂಪನಿಯ ಪೈಪೇ ತಂದು ಹಾಕಲಿ, ಜುಗಾಡ್ ಯಾಕೆ ಸರ್?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸರಿಯಾದ ಪೈಪು ಸಿಕ್ಕರೆ ಅದನ್ನೇ ಹಾಕಬೇಕು. ಆದರೆ ಹಳೆಯ ಗಾಡಿಗೆ ಭಾಗ ಬರಲು ದಿನಗಳು ಹಿಡಿಯಬಹುದು. ರಾತ್ರಿ ಘಾಟಿನ ಬುಡದಲ್ಲಿ ತರಕಾರಿ ತುಂಬಿದ ಗಾಡಿ ನಿಂತರೆ ತರಕಾರಿ ಕಾಯುವುದಿಲ್ಲ. ಆಗ ಕೈಗೆ ಸಿಕ್ಕದ್ದರಲ್ಲಿ ಕೆಲಸ ನಡೆಸಬೇಕು. ಪ್ರಶ್ನೆ ಇರುವುದು, ಕೈಗೆ ಸಿಕ್ಕದ್ದರಲ್ಲಿ ಯಾವುದು ಅಂತ.

ಒಳ್ಳೆಯ ಮಿಸ್ತ್ರಿ ಪೈಪು ಹುಡುಕುವ ಮೊದಲು ಗುಣ ಹುಡುಕುತ್ತಾನೆ. ಈ ಪೈಪಿಗೆ ಬೇಕಾದ ಗುಣಗಳು ನಾಲ್ಕು.

ಒಂದು, ಸುಮಾರು ಒಂದು ಬಾರ್ ಒತ್ತಡಕ್ಕೆ ಉಬ್ಬಬಾರದು, ಸೋರಬಾರದು. ಎರಡು, ಕಾವು ತಡೆಯಬೇಕು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದು ನಿಮಗೆ ಗೊತ್ತು. ಟರ್ಬೊ ಒತ್ತಿದ ಗಾಳಿಯೂ ಹಾಗೆಯೇ ಕಾಯುತ್ತದೆ. ನಡುವೆ ತಂಪು ಮಾಡುವ ಇಂಟರ್‌ಕೂಲರ್ ಇಲ್ಲದ ಎಂಜಿನ್ನಿನಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಮೂರು, ಎಣ್ಣೆ ಡೀಸೆಲ್ ತಾಗಿದರೆ ಕರಗಬಾರದು, ಉಬ್ಬಬಾರದು. ನಾಲ್ಕು, ಎಂಜಿನ್ನಿನ ನಡುಕಕ್ಕೆ ಮುರಿಯಬಾರದು.

ಈಗ ಸುತ್ತಮುತ್ತ ಸಿಗುವ ಪೈಪುಗಳನ್ನು ಒಂದೊಂದಾಗಿ ಈ ನಾಲ್ಕರ ಮುಂದೆ ನಿಲ್ಲಿಸಿ.

ಆಸ್ಪತ್ರೆಯ ಸಲೈನ್ ಪೈಪು: ಸುಲಭವಾಗಿ ಸಿಗುತ್ತದೆ, ಅಳತೆಯೂ ಹತ್ತಿರ. ಆದರೆ ಅದು ಪಿವಿಸಿ ಪ್ಲಾಸ್ಟಿಕ್. ಕಾವಿಗೆ ಮೆತ್ತಗಾಗಿ ಬಾಯಿಯಿಂದ ಜಾರಿ ಬೀಳುತ್ತದೆ. ಎರಡನೇ ಪ್ರಶ್ನೆಯಲ್ಲೇ ನಾಪಾಸು.

ಸೈಕಲ್ಲಿನ ವಾಲ್ವ್ ಟ್ಯೂಬು: ಒತ್ತಡಕ್ಕೆ ಬಲೂನಿನ ಹಾಗೆ ಉಬ್ಬುತ್ತದೆ, ಡೀಸೆಲ್ ತಾಗಿದರೆ ಊದಿಕೊಂಡು ಹಾಳಾಗುತ್ತದೆ. ಒಂದರಲ್ಲೂ ಮೂರರಲ್ಲೂ ನಾಪಾಸು.

ತಾಮ್ರದ ಸಣ್ಣ ಪೈಪು: ಒತ್ತಡ, ಕಾವು, ಎಣ್ಣೆ ಮೂರಕ್ಕೂ ಗಟ್ಟಿ. ಆದರೆ ನಡುಗುತ್ತ ನಡುಗುತ್ತ ತಾಮ್ರ ಬಿರುಸಾಗುತ್ತದೆ, ಒಂದು ದಿನ ಬಿರುಕು ಬಿಡುತ್ತದೆ. ತಂತಿಯನ್ನು ಹತ್ತು ಸಲ ಬಗ್ಗಿಸಿ ಮುರಿಯುತ್ತೀರಲ್ಲ, ಹಾಗೆ. ನಡುವೆ ಒಂದು ಸುತ್ತು ಸುರುಳಿ ಮಾಡಿ ಹಾಕಿದರೆ ನಡುಕ ಹಂಚಿಹೋಗಿ ಬಾಳಿಕೆ ಹೆಚ್ಚುತ್ತದೆ.

ಏರ್ ಬ್ರೇಕಿನ ನೈಲಾನ್ ಪೈಪು: ಒತ್ತಡದ ಚಿಂತೆಯೇ ಇಲ್ಲ, ಬ್ರೇಕಿನಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಒತ್ತಡ ತಡೆಯುತ್ತದೆ. ಎಣ್ಣೆಗೂ ಸರಿ. ಆದರೆ ಟರ್ಬೊದ ಬಿಸಿ ಭಾಗಕ್ಕೆ ತಾಗಿದರೆ ಸೋಲುತ್ತದೆ.

ಡೀಸೆಲ್ಲಿಗೆ ಅಂತಲೇ ಮಾಡಿದ, ಒಳಗೆ ನೂಲಿನ ಹೆಣಿಗೆ ಇರುವ ರಬ್ಬರ್ ಹೋಸು: ಎಣ್ಣೆಗೆ ಗಟ್ಟಿ, ಹೆಣಿಗೆ ಇರುವುದರಿಂದ ಉಬ್ಬುವುದಿಲ್ಲ, ನಡುಕಕ್ಕೆ ಬಗ್ಗುತ್ತದೆ. ಕಾವು ಸುಮಾರು ನೂರು ಡಿಗ್ರಿಯವರೆಗೆ ತಡೆಯುತ್ತದೆ.

ಹಾಗಾದರೆ ಉತ್ತರ? ಬಿಸಿ ಇರುವ ಮ್ಯಾನಿಫೋಲ್ಡ್ ಕಡೆಗೆ ಸುರುಳಿ ಸುತ್ತಿದ ತಾಮ್ರದ ತುಂಡು, ತಂಪಿರುವ ಪಂಪಿನ ಕಡೆಗೆ ಡೀಸೆಲ್ ಹೋಸು, ಜೋಡಿಸಿದಲ್ಲಿ ಕ್ಲಿಪ್ಪು. ಒಂದೇ ವಸ್ತುವಿನಲ್ಲಿ ಎಲ್ಲ ಗುಣ ಸಿಗದಿದ್ದರೆ ಎರಡು ವಸ್ತು ಸೇರಿಸಿ. ಇದಕ್ಕೆ ತಗಲುವ ಖರ್ಚು ಹೆಚ್ಚೇನಲ್ಲ. ತಗಲುವುದು ಯೋಚನೆ.

ಹಾಕಿದರೆ ಮುಗೀತಾ?

ಇಲ್ಲ. ಪರೀಕ್ಷೆ ಮಾಡದ ಜುಗಾಡ್ ಅರ್ಧ ಜುಗಾಡ್. ಬಹಳ ಜನ ಎಂಜಿನ್ ಚಾಲೂ ಮಾಡಿ, ಗಾಡಿ ನಿಂತಲ್ಲೇ ಪೈಪಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಬರಲಿಲ್ಲ ಅಂದರೆ "ಬರೋಬ್ಬರಿ ಐತಿ" ಅಂತಾರೆ. ಸ್ವಲ್ಪ ಯೋಚಿಸಿ. ಗಾಡಿ ನಿಂತು ಎಂಜಿನ್ ನಿಧಾನವಾಗಿ ತಿರುಗುವಾಗ ಟರ್ಬೊ ಗಾಳಿ ಒತ್ತುವುದೇ ಇಲ್ಲ ಅನ್ನಬಹುದು. ಒತ್ತಡ ಇಲ್ಲದ ಪೈಪಿನಿಂದ ಗುಳ್ಳೆ ಬರುವುದಾದರೂ ಹೇಗೆ? ತೂತಿದ್ದರೂ ಬರುವುದಿಲ್ಲ. ಪ್ರಯೋಗ ಮಾಡಿದ್ದೇವೆ ಅನ್ನುವ ಸಮಾಧಾನ ಮಾತ್ರ ಸಿಗುತ್ತದೆ.

ಸರಿಯಾದ ಪರೀಕ್ಷೆ ಹೀಗೆ: ಎಂಜಿನ್ ಬಂದ್ ಮಾಡಿ, ತಣಿದ ಮೇಲೆ, ಮ್ಯಾನಿಫೋಲ್ಡ್ ಕಡೆಯ ತುದಿ ಬಿಚ್ಚಿ, ಅಲ್ಲಿಗೆ ಮೀಟರ್ ಇರುವ ಕೈಪಂಪಿನಿಂದ ಮೆಲ್ಲಗೆ ಗಾಳಿ ಕೊಡಬೇಕು. ಅರ್ಧ ಬಾರ್ ಸಾಕು. ಹೆಚ್ಚು ಕೊಟ್ಟರೆ ಪರದೆಯೇ ಹರಿದೀತು. ಮುಳ್ಳು ನಿಂತಲ್ಲೇ ನಿಂತರೆ ಪೈಪೂ ಸರಿ, ಪರದೆಯೂ ಸರಿ. ಮುಳ್ಳು ಇಳಿಯುತ್ತಿದ್ದರೆ ಆಗ ಸೋಪಿನ ನೀರು ಹಚ್ಚಿ. ಪೈಪಿನಲ್ಲಿ ಎಲ್ಲೂ ಗುಳ್ಳೆ ಇಲ್ಲ, ಆದರೂ ಮುಳ್ಳು ಇಳಿಯುತ್ತದೆ ಅಂದರೆ ಪರದೆ ಹರಿದಿದೆ ಅಂತ ಅನುಮಾನಿಸಬೇಕು. ಆಗ ಚಿನ್ನದ ಪೈಪು ಹಾಕಿದರೂ ಗಾಡಿ ಎಳೆಯುವುದಿಲ್ಲ, ಪಂಪಿನ ಅಂಗಡಿಗೇ ಹೋಗಬೇಕು. ಒಂದು ಪರೀಕ್ಷೆಯಿಂದ ಎರಡು ಕಾಯಿಲೆ ಬೇರೆ ಮಾಡಿ ತೋರಿಸಿತು. ವಿಜ್ಞಾನ ಅಂದರೆ ಇದೇ.

ಕೊನೆಗೆ ಇನ್ನೊಂದು ಕೆಲಸ. ತಾತ್ಕಾಲಿಕ ಪೈಪಿಗೆ ಒಂದು ಚೀಟಿ ಕಟ್ಟಿ ತಾರೀಖು ಬರೆಯಬೇಕು. ನಮ್ಮಲ್ಲಿ "ಸದ್ಯಕ್ಕೆ" ಅಂತ ಹಾಕಿದ್ದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಚೀಟಿ ಇದ್ದರೆ ಮುಂದಿನ ಮಿಸ್ತ್ರಿಗೆ ಗೊತ್ತಾಗುತ್ತದೆ, ಇದು ಮೂಲ ಭಾಗ ಅಲ್ಲ, ಬದಲಿಸಬೇಕು ಅಂತ.

ಬಾಹ್ಯಾಕಾಶದ ಜುಗಾಡ್

ಜುಗಾಡ್ ಅಂದರೆ ಬಡವರ ಕೆಲಸ, ಕಲಿಯದವರ ಕೆಲಸ ಅಂತ ಯಾರಾದರೂ ಹೇಳಿದರೆ ಅವರಿಗೆ ಅಪೊಲೊ 13ರ ಕಥೆ ಹೇಳಿ. 1970ರ ಏಪ್ರಿಲ್ 11ರಂದು ಮೂವರನ್ನು ಹೊತ್ತು ಚಂದ್ರನ ಕಡೆ ಹೊರಟ ನೌಕೆಯಲ್ಲಿ ಎರಡು ದಿನದ ಮೇಲೆ ಆಮ್ಲಜನಕದ ಟ್ಯಾಂಕು ಸಿಡಿಯಿತು. ಮೂವರೂ ಚಂದ್ರನ ಮೇಲೆ ಇಳಿಯಲು ಇದ್ದ ಸಣ್ಣ ಕೋಶಕ್ಕೆ ಬಂದು ಕೂತರು. ಅದು ಇಬ್ಬರಿಗೆ ಅಂತ ಮಾಡಿದ್ದು. ಅವರ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರುವ ಡಬ್ಬಿಗಳು ಮುಗಿಯುತ್ತ ಬಂದವು. ಪಕ್ಕದ ಮುಖ್ಯ ಕೋಶದಲ್ಲಿ ಬೇರೆ ಡಬ್ಬಿಗಳಿದ್ದವು, ಆದರೆ ಅವು ಚೌಕ, ಇಲ್ಲಿಯ ಜಾಗ ದುಂಡು!

ಹ್ಯೂಸ್ಟನ್ನಿನ ಎಂಜಿನಿಯರುಗಳು ಏನು ಮಾಡಿದರು? ನೌಕೆಯಲ್ಲಿ ಇದ್ದ ವಸ್ತುಗಳನ್ನೇ, ಅಂದರೆ ಪ್ಲಾಸ್ಟಿಕ್ ಚೀಲ, ಪುಸ್ತಕದ ರಟ್ಟು, ಬಾಹ್ಯಾಕಾಶ ಉಡುಪಿನ ಹೋಸು, ಅಂಟು ಟೇಪು, ಇವನ್ನು ಮುಂದಿಟ್ಟುಕೊಂಡು ಒಂದು ಜೋಡಣೆ ಮಾಡಿದರು. ಆದರೆ ಕೂಡಲೇ "ಹಿಂಗ ಮಾಡ್ರಿ" ಅಂತ ಹೇಳಲಿಲ್ಲ. ಮೊದಲು ಭೂಮಿಯ ಮೇಲೆಯೇ ಮಾಡಿ, ಪರೀಕ್ಷಿಸಿ, ಕೆಲಸ ಮಾಡುತ್ತದೆ ಅಂತ ಖಾತ್ರಿಯಾದ ಮೇಲೆ ರೇಡಿಯೊದಲ್ಲಿ ಒಂದೊಂದೇ ಹೆಜ್ಜೆ ಓದಿ ಹೇಳಿದರು. ಏಪ್ರಿಲ್ 17ರಂದು ಮೂವರೂ ಜೀವಂತ ಮರಳಿದರು. ಘಾಟಿನ ಬುಡದಲ್ಲಿ ಹೋಸು ಮತ್ತು ತಾಮ್ರ ಜೋಡಿಸುವ ಮಿಸ್ತ್ರಿಯೂ ಆ ಎಂಜಿನಿಯರುಗಳೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರ ಕೆಲಸ ಏನು? ಆ ಕೆಲಸ ಮಾಡುವ ಗುಣ ಯಾವುದರಲ್ಲಿದೆ? ಸರಿಯಾಯಿತು ಅಂತ ಹೇಗೆ ತಿಳಿಯುವುದು?

ಎಲ್ಲಿ ಜುಗಾಡ್ ಬೇಡ?

ನಾಲ್ಕನೆಯ ಪ್ರಶ್ನೆಯೂ ಒಂದಿದೆ: ಇದು ಕೈಕೊಟ್ಟರೆ ಏನಾಗುತ್ತದೆ? ನಮ್ಮ ತೆಳು ಪೈಪು ಮತ್ತೆ ಒಡೆದರೆ ಗಾಡಿ ನಿಧಾನ ಆಗುತ್ತದೆ, ಅಷ್ಟೇ. ಆದ್ದರಿಂದ ಇಲ್ಲಿ ಜುಗಾಡಿಗೆ ಜಾಗ ಇದೆ. ಬ್ರೇಕಿನ ಪೈಪಿನಲ್ಲಿ, ಸ್ಟೀರಿಂಗಿನಲ್ಲಿ, ಗ್ಯಾಸಿನ ಹೋಸಿನಲ್ಲಿ ಆ ಜಾಗ ಇಲ್ಲ. ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪೂ ನೋಡಲು ತೆಳುವೇ, ಆದರೆ ಅದರೊಳಗಿನ ಒತ್ತಡ ನೂರಾರು ಬಾರ್. ಅದರಿಂದ ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಒಂದೇ ಪಂಪಿಗೆ ಸೇರಿದ ಎರಡು ತೆಳು ಪೈಪು, ಒಂದರಲ್ಲಿ ಜುಗಾಡ್ ಜಾಣತನ, ಇನ್ನೊಂದರಲ್ಲಿ ಅಪರಾಧ. ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ತಿಳಿದವರಿಗೆ ಮಾತ್ರ ಕಾಣುತ್ತದೆ.

"ಈಗ ಹೊಸ ಗಾಡಿಗಳಲ್ಲಿ ಇದೆಲ್ಲ ಇಲ್ಲವಲ್ಲ ಸರ್?" ನಿಜ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್ 6 ನಿಯಮ ಬಂದಿದೆ. ಹೊಸ ಟ್ರಕ್ಕುಗಳಲ್ಲಿ ಗಾಳಿಯ ಒತ್ತಡವನ್ನು ಸೆನ್ಸರ್ ಅಳೆಯುತ್ತದೆ, ತಂತಿಯ ಮೂಲಕ ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರು ಡೀಸೆಲ್ ಎಷ್ಟು ಅಂತ ತೀರ್ಮಾನಿಸುತ್ತದೆ. ಪೈಪಿನ ಜಾಗಕ್ಕೆ ತಂತಿ ಬಂತು. ಆದರೆ ಸುದ್ದಿ ಅದೇ: ಗಾಳಿ ಎಷ್ಟು, ಡೀಸೆಲ್ ಎಷ್ಟು. ಸೆನ್ಸರನ್ನು ಮೋಸ ಮಾಡಿ ಗಾಡಿ ಓಡಿಸುವ ಕೆಟ್ಟ ಜುಗಾಡ್ ಇಲ್ಲೂ ಸಾಧ್ಯ. ಪೈಪನ್ನು ಅರ್ಥ ಮಾಡಿಕೊಂಡವರಿಗೆ ಸೆನ್ಸರ್ ಅರ್ಥವಾಗುವುದು ಕಷ್ಟವಲ್ಲ.

ನಮ್ಮ ಶಾಲೆಗೆ ಇದರಿಂದ ಏನು?

ನನಗೆ ಬೇಸರ ತರುವ ಒಂದು ಮಾತಿದೆ. "ಓದದಿದ್ದರೆ ಗ್ಯಾರೇಜಿಗೆ ಹಾಕ್ತೀನಿ ನೋಡು." ಮನೆಯಲ್ಲೂ ಹೇಳ್ತಾರೆ, ಶಾಲೆಯಲ್ಲೂ ಹೇಳ್ತಾರೆ. ಈ ಮಾತಿನಿಂದ ಎರಡು ಹಾನಿ. ಓದುವ ಹುಡುಗಿಗೆ ಗ್ಯಾರೇಜಿನಲ್ಲಿ ಕಲಿಯುವಂಥದ್ದು ಏನೂ ಇಲ್ಲ ಅನಿಸುತ್ತದೆ. ಗ್ಯಾರೇಜಿಗೆ ಹೋದ ಹುಡುಗನಿಗೆ ಇನ್ನು ಓದುವಂಥದ್ದು ಏನೂ ಇಲ್ಲ ಅನಿಸುತ್ತದೆ. ಸ್ಕ್ರೂ ತಿರುಗಿಸಿ ಕೈತೊಳೆದುಕೊಳ್ಳುವ ರಿಪೇರಿ ಹುಟ್ಟುವುದು ಈ ಎರಡರ ನಡುವಿನ ಬಿರುಕಿನಲ್ಲಿ. ಒತ್ತಡದ ಸೂತ್ರ ಗೊತ್ತಿದ್ದವರು ಪಂಪನ್ನು ನೋಡಲಿಲ್ಲ, ಪಂಪನ್ನು ದಿನಾ ಬಿಚ್ಚುವವರಿಗೆ ಸೂತ್ರ ಯಾರೂ ಹೇಳಲಿಲ್ಲ.

ಕನ್ನಡ ಮಾಧ್ಯಮದ ಮಕ್ಕಳಾದ ನಿಮಗೆ ಇಲ್ಲಿ ಒಂದು ಅನುಕೂಲ ಇದೆ. ನಿಮ್ಮ ಪಾಠದ ಭಾಷೆ, ಮನೆಯ ಭಾಷೆ, ಎಷ್ಟೋ ಸಲ ಗ್ಯಾರೇಜಿನ ಭಾಷೆಯೂ ಒಂದೇ. "ಒತ್ತಡ" ಅನ್ನುವ ಪದವನ್ನು ಪರೀಕ್ಷೆಯಲ್ಲೂ ಬರೆಯಬಹುದು, ಮಿಸ್ತ್ರಿಗೂ ಹೇಳಬಹುದು. ಈ ಅನುಕೂಲವನ್ನು ಬಳಸಿಕೊಳ್ಳಿ.

ಆದ್ದರಿಂದ ಈ ತಿಂಗಳು ನಿಮಗೆ ಎರಡು ಕೆಲಸ. ಮೊದಲನೆಯದು ತರಗತಿಯಲ್ಲಿ, ನಿಮ್ಮ ವಿಜ್ಞಾನ ಶಿಕ್ಷಕರ ಎದುರಿಗೆ. ಸೂಜಿ ಇಲ್ಲದ ಎರಡು ಹೊಸ ಸಿರಿಂಜುಗಳನ್ನು ಸಲೈನ್ ಪೈಪಿನ ತುಂಡಿನಿಂದ ಜೋಡಿಸಿ. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ. ಪೈಪನ್ನು ಉದ್ದ ಮಾಡಿ ನೋಡಿ, ಗುಂಡುಸೂಜಿಯಿಂದ ತೂತು ಮಾಡಿ ನೋಡಿ. ಆಮೇಲೆ ಪೈಪಿನ ಇನ್ನೊಂದು ತುಂಡನ್ನು ಶಿಕ್ಷಕರು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಲಿ, ಎಷ್ಟು ಮೆತ್ತಗಾಯಿತು ಅಂತ ಗಮನಿಸಿ. ವಾಲ್ವ್ ಟ್ಯೂಬಿನ ಒಂದು ತುಂಡಿನ ಉದ್ದ ಅಳೆದು, ಮುಚ್ಚಳ ಇರುವ ಬಾಟಲಿಯಲ್ಲಿ ಸ್ವಲ್ಪ ಡೀಸೆಲ್ ಹಾಕಿ ಒಂದು ದಿನ ಮುಳುಗಿಸಿಟ್ಟು ಮತ್ತೆ ಅಳೆಯಿರಿ. ಬೆಂಕಿ ಹತ್ತಿರ ಇರಬಾರದು.

ಎರಡನೆಯದು ಹೊರಗೆ. ನಿಮ್ಮ ಓಣಿಯ ಗ್ಯಾರೇಜಿಗೋ, ಪಂಪು ರಿಪೇರಿ ಅಂಗಡಿಗೋ ಮನೆಯ ದೊಡ್ಡವರ ಜೊತೆ ಹೋಗಿ. ಏನನ್ನೂ ಮುಟ್ಟಬೇಡಿ, ನೋಡಿ ಮತ್ತು ಕೇಳಿ. "ಕಾಕಾ, ಭಾಗ ಸಿಗದೇ ಹೋದಾಗ ಬೇರೆ ಏನಾದರೂ ಹಾಕಿ ನಡೆಸಿದ್ದೀರಾ?" ಅಂತ ಕೇಳಿದರೆ ಸಾಕು, ಒಂದು ಗಂಟೆ ಮಾತಾಡುತ್ತಾರೆ. ಬಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ ಬರೆಯಿರಿ: ಮೂಲ ಭಾಗದ ಕೆಲಸ ಏನು, ಬದಲಿಗೆ ಏನು ಹಾಕಿದರು, ಸರಿಯಾಯಿತು ಅಂತ ಹೇಗೆ ಪರೀಕ್ಷಿಸಿದರು, ಅದು ಕೈಕೊಟ್ಟರೆ ಯಾರಿಗೆ ತೊಂದರೆ. ಮೂರನೇ ಕಾಲಂ ಖಾಲಿ ಉಳಿದರೆ ಮರುದಿನ ಮತ್ತೆ ಹೋಗಿ ಕೇಳಿ. ನಾಲ್ಕನೇ ಕಾಲಮ್ಮಿನಲ್ಲಿ "ರಸ್ತೆಯಲ್ಲಿ ಹೋಗುವವರಿಗೆ" ಅಂತ ಬರೆಯಬೇಕಾಗಿ ಬಂದರೆ ಅದನ್ನೂ ವಿನಯದಿಂದ ಅವರಿಗೇ ಓದಿ ಹೇಳಿ.